ನಾಲ್ಕು ಮಳೆಗಾಲ ಕಂಡ ಹಬ್ ಪುಲ್ಲರ್

ಮಡಿಕೇರಿಯಲ್ಲಿ ನಮ್ಮದು ಚಿಕ್ಕ ವರ್ಕ್‌ಶಾಪ್. ಬಡಗಿಗಳ ರಂದದ ಮೆಷಿನ್ ಬ್ಲೇಡುಗಳನ್ನು ಗ್ರೈಂಡ್ ಮಾಡುವುದೇ ಜಾಸ್ತಿ ಕೆಲಸ. ಸರ್ಫೇಸ್ ಗ್ರೈಂಡರ್ ಹಳೆಯದು, ಕಲ್ಲು 200 ಮಿ.ಮೀ. ಕಲ್ಲನ್ನು ಹಿಡಿದುಕೊಂಡು ಸ್ಪಿಂಡಲ್ (ತಿರುಗುವ ದಂಡ) ಮೇಲೆ ಕೂರುವ ಭಾಗವೇ ಹಬ್; ಅದನ್ನು ಎಳೆದು ತೆಗೆಯುವ ಈ ಪುಲ್ಲರ್ ತಂದು ನಾಲ್ಕು ವರ್ಷವಾಯಿತು.

ಜೂನ್ ಬಂತೆಂದರೆ ಇಲ್ಲಿ ಗೋಡೆಯೇ ಬೆವರುತ್ತದೆ. ಇನ್ನು ಕಬ್ಬಿಣ ಸುಮ್ನೆ ಇರುತ್ತದಾ? ಎರಡು ವಾರ ಮೆಷಿನ್ ನಿಂತರೆ ಟೇಪರ್ (ಹಬ್ ಕೂರುವ, ತುದಿಯ ಕಡೆ ಸಣ್ಣದಾಗುವ ಜಾಗ) ಒಳಗೆ ತುಕ್ಕು ಹಿಡಿದು ಹಬ್ ಕಚ್ಚಿಕೊಳ್ಳುತ್ತದೆ. ಮೊದಲು ನಾವು ಸುತ್ತಿಗೆಯಲ್ಲಿ ತಟ್ಟಿ ತೆಗೆಯುತ್ತಿದ್ದೆವು. ಹಬ್ ಬಂತು, ಆದರೆ ಸ್ಪಿಂಡಲ್ ಬೇರಿಂಗಿಗೆ ಪೆಟ್ಟು ಬಿತ್ತು. ಆಮೇಲೆ ಬ್ಲೇಡಿನ ಮೇಲೆಲ್ಲ ಅಲೆ ಅಲೆಯಾಗಿ ಗೆರೆ. ಬೇರಿಂಗ್ ಬದಲಾಯಿಸಿದ ದುಡ್ಡು ನೆನೆದರೆ ಈಗಲೂ ಸಂಕಟವಾಗುತ್ತದೆ.

ಪುಲ್ಲರ್ ಕೆಲಸ ಸರಳ. ನಟ್ ಬಿಚ್ಚಬೇಕು. ನನ್ನದು ಲೆಫ್ಟ್ ಥ್ರೆಡ್, ಬಲಕ್ಕೆ ತಿರುಗಿಸಿದರೇ ಸಡಿಲ. ಇದು ಗೊತ್ತಿಲ್ಲದೆ ಇನ್ನೂ ಬಿಗಿ ಮಾಡಿಬಿಡುವವರೇ ಹೆಚ್ಚು. ಆಮೇಲೆ ಪುಲ್ಲರನ್ನು ಹಬ್‌ನ ಥ್ರೆಡ್‌ಗೆ ಪೂರ್ತಿ ಕೂರಿಸಬೇಕು. ಎರಡೇ ಸುತ್ತು ತಿರುಗಿಸಿ ಬಿಟ್ಟರೆ ಥ್ರೆಡ್ ಕಿತ್ತುಬರುತ್ತದೆ. ನಡುವಿನ ಬೋಲ್ಟ್ ಸ್ಪಿಂಡಲ್ ತುದಿಯನ್ನು ಒತ್ತುತ್ತದೆ, ಹಬ್ ಹೊರಗೆ ಬರುತ್ತದೆ. ನಮ್ಮ ಟೇಪರ್ ಒಂದು ಅಡಿ ಉದ್ದಕ್ಕೆ ವ್ಯಾಸ 3 ಇಂಚು ಇಳಿಯುವಂಥದ್ದು, ಇಳಿಜಾರು ಜಾಸ್ತಿ. ಒಮ್ಮೆ ಕದಲಿದರೆ ಸಾಕು, 'ಟಕ್' ಎಂದು ಪೂರ್ತಿ ಬಿಟ್ಟುಕೊಡುತ್ತದೆ. ಅದಕ್ಕೇ ಕೆಳಗೆ ಹಲಗೆ ಇಟ್ಟು, ಕಲ್ಲಿಗೆ ಕೈ ಕೊಟ್ಟಿರುತ್ತೇನೆ.

ಕಳೆದ ಆಗಸ್ಟ್‌ನಲ್ಲಿ ಮಾತ್ರ ಜಗ್ಗಲಿಲ್ಲ. ತುಕ್ಕು ಬಿಡಿಸುವ ಎಣ್ಣೆ ಬಿಟ್ಟು, ಬೋಲ್ಟ್ ಬಿಗಿಯಾಗಿಟ್ಟು ರಾತ್ರಿ ಹಾಗೇ ಬಿಟ್ಟೆ. ಬೆಳಿಗ್ಗೆ ಪಾನಾ ಕಾಲು ಸುತ್ತು ತಿರುಗಿಸುವಷ್ಟರಲ್ಲಿ ಬಂತು. ಅಂದು ನನಗಾದ ಖುಷಿ ಅಷ್ಟಿಷ್ಟಲ್ಲ.

ಒಂದು ದೂರು ಇದೆ. ಜೊತೆಗೆ ಬಂದ ಬೋಲ್ಟ್ ಮೆತ್ತಗಿನ ಕಬ್ಬಿಣದ್ದು. ಮೊದಲ ವರ್ಷವೇ ತುದಿ ಚಪ್ಪಟೆಯಾಯಿತು. ಮಾರಿದವರು ಫೋನನ್ನೂ ಎತ್ತಲಿಲ್ಲ. ಗಟ್ಟಿ ಬೋಲ್ಟ್ ತಂದು, ಸ್ಪಿಂಡಲ್ ತುದಿಗೆ ಪೆಟ್ಟಾಗದ ಹಾಗೆ ನಡುವೆ ಹಿತ್ತಾಳೆ ಬಿಲ್ಲೆ ಇಟ್ಟುಕೊಂಡೆ. ಅಂದಿನಿಂದ ತೊಂದರೆಯಿಲ್ಲ. ಕೊಳ್ಳುವವರು ಮೊದಲು ತಮ್ಮ ಹಬ್‌ನ ಥ್ರೆಡ್ ಅಳೆದುಕೊಳ್ಳಿ. ಎಲ್ಲ ಮೆಷಿನ್‌ಗೂ ಒಂದೇ ಅಳತೆ ಇರುವುದಿಲ್ಲ.

ಈಗ ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಹಬ್ ಬಿಚ್ಚುತ್ತೇನೆ. ಟೇಪರ್ ಒರೆಸಿ, ಎಣ್ಣೆ ಬಟ್ಟೆಯಿಂದ ತೆಳ್ಳಗೆ ಸವರಿ, ಮತ್ತೆ ಒಣ ಬಟ್ಟೆಯಲ್ಲಿ ಒರೆಸಿ ಕೂರಿಸುತ್ತೇನೆ. ಹತ್ತು ನಿಮಿಷ ಹಿಡಿಯುತ್ತದೆ.