ನೆತ್ತಿಗೆ ಹಚ್ಚೋದಾ, ಗುಳಿಗೆ ನುಂಗೋದಾ?

ಹುಬ್ಬಳ್ಳಿಯಲ್ಲಿ ಕೂದಲು ಉದುರಿದರೆ ಎಲ್ಲರೂ ನೀರನ್ನೇ ಬೈಯುತ್ತಾರೆ. ಆದರೆ ಗಂಡಸರ ಬೋಳುತಲೆಗೆ ಮುಖ್ಯ ಕಾರಣ ವಂಶ ಮತ್ತು ಕೂದಲ ಬೇರನ್ನು ಕುಗ್ಗಿಸುವ ಡಿಎಚ್‌ಟಿ ಎಂಬ ಹಾರ್ಮೋನು. ಇದಕ್ಕೆ ಬಳಸುವ ಎರಡು ಔಷಧಿ ನೋಡೋಣ.

ಹಚ್ಚುವ 5% ಮಿನಾಕ್ಸಿಡಿಲ್ ದ್ರಾವಣ ದಿನಕ್ಕೆ ಎರಡು ಸಲ, ಪ್ರತಿ ಸಲ 1 ಮಿ.ಲೀ., ಒಣ ನೆತ್ತಿಗೇ ಹಚ್ಚಬೇಕು. ಬೆಳಿಗ್ಗೆ ಚಿಗರಿ ಬಸ್ ಹಿಡಿಯುವ ಗಡಿಬಿಡಿಯಲ್ಲಿ ಇದೇ ತಪ್ಪಿಹೋಗೋದು! ಕೆಲವರಿಗೆ ತುರಿಕೆ. ಮೊದಲ ವಾರಗಳಲ್ಲಿ ಉದುರೋದು ಜಾಸ್ತಿಯಾಗಬಹುದು, ಹೆದರಿ ಬಿಡಬೇಡಿ.

ಫಿನಾಸ್ಟರೈಡ್ 1 ಮಿ.ಗ್ರಾಂ ಗುಳಿಗೆ ದಿನಕ್ಕೊಂದು, ಸುಲಭ. ಡಿಎಚ್‌ಟಿಯನ್ನೇ ತಗ್ಗಿಸುತ್ತದೆ. ಆದರೆ ಕೆಲವರಿಗೆ ಲೈಂಗಿಕ ಆಸಕ್ತಿ ಕುಗ್ಗುತ್ತದೆ, ಮನಸ್ಸೂ ಕುಸಿಯಬಹುದು. ಮುರಿದ ಗುಳಿಗೆಯನ್ನು ಗರ್ಭಿಣಿಯರು ಮುಟ್ಟಬಾರದು. ವೈದ್ಯರನ್ನು ಕೇಳದೆ ಸುಮ್ನೆ ಅಂಗಡಿಯಿಂದ ತರಬೇಡಿ.

ಎರಡಕ್ಕೂ ನಾಲ್ಕಾರು ತಿಂಗಳು ಬೇಕು. ಬಿಟ್ಟರೆ ಬಂದ ಕೂದಲು ಹೋಗುತ್ತದೆ. ನನ್ನ ಕೇಳಿದರೆ, ಮೊದಲು ಹಚ್ಚಿ ನೋಡಿ. ದಿನಾ ಮರೆಯುವವರಾದರೆ ಗುಳಿಗೆಯ ಮಾತನ್ನು ಚರ್ಮದ ವೈದ್ಯರ ಹತ್ತಿರ ಎತ್ತಿ.