ಹಾರಂಗಿ ಹಿನ್ನೀರಿನಲ್ಲಿ 5 ಎಚ್‌ಪಿ ಎಂಜಿನ್: ನಾಲ್ಕು ವರ್ಷದ ಬಳಕೆ

ಮೊದಲೇ ಹೇಳಿಬಿಡುತ್ತೇನೆ, ಇದು ದೋಣಿಯ ಹಿಂದೆ ತೂಗುಹಾಕುವ ಎಂಜಿನ್‌ಗಳಲ್ಲಿ ಯಾವ ಕಂಪನಿ ಒಳ್ಳೆಯದು ಅನ್ನುವ ಬರಹ ಅಲ್ಲ. 14 ಅಡಿಯ ಫೈಬರ್ ದೋಣಿಗೆ ಎಷ್ಟು ಎಚ್‌ಪಿ ಸಾಕು ಅನ್ನುವುದನ್ನು ನಾನು ದುಡ್ಡು ಕಳೆದುಕೊಂಡು ಕಲಿತೆ. ಆ ಲೆಕ್ಕ ಮಾತ್ರ ಇಲ್ಲಿದೆ.

ಭಾವ ಮತ್ತು ನಾನು ಕುಶಾಲನಗರದ ಹತ್ತಿರ ಹಾರಂಗಿ ಹಿನ್ನೀರಿನಲ್ಲಿ ಮೀನು ಹಿಡಿಯುತ್ತೇವೆ. ಕಟ್ಲಾ, ರೋಹು, ಜಿಲೇಬಿ. ಸಂಜೆ ಬಲೆ ಬಿಟ್ಟು ಬರುವುದು, ಬೆಳಗಿನ ಜಾವ ಎತ್ತುವುದು. ಒಂದು ಸಲ ಹೋಗಿ ಬಂದರೆ ಏಳೆಂಟು ಕಿಲೋಮೀಟರ್. ಮೊದಲು ಹುಟ್ಟು ಹಾಕಿಯೇ ಹೋಗುತ್ತಿದ್ದೆವು. ಭಾವನ ಭುಜದ ನೋವು ಜಾಸ್ತಿಯಾದ ಮೇಲೆ ಎಂಜಿನ್ ಮಾತು ಬಂತು.

ಆಗ ನಾನು ಮಾಡಿದ ತಪ್ಪು ಕೇಳಿ. ಮಂಗಳೂರು ಕಡೆಯಿಂದ ಸೆಕೆಂಡ್ ಹ್ಯಾಂಡ್ 15 ಎಚ್‌ಪಿ ಟೂ ಸ್ಟ್ರೋಕ್ ತಂದೆ. ಪವರ್ ಜಾಸ್ತಿ ಇದ್ದರೆ ನಷ್ಟ ಏನು, ನಿಧಾನವಾಗಿ ಓಡಿಸಿದರಾಯಿತು ಅಂತ ನನ್ನ ವಾದ. ನೀರಿಗಿಳಿದು ಆಕ್ಸಿಲರೇಟರ್ ಪೂರ್ತಿ ತಿರುಗಿಸಿದೆ. ದೋಣಿಯ ಮೂತಿ ಮೇಲೆದ್ದಿತು, ಹಿಂಭಾಗ ಕೂತಿತು, ಹಿಂದೆ ದೊಡ್ಡ ಅಲೆ. ಫೋನಿನ ಜಿಪಿಎಸ್ ನೋಡಿದರೆ ಗಂಟೆಗೆ 10 ಕಿಲೋಮೀಟರ್. ಅಷ್ಟೇ!

ಕಾರಣ ಆಮೇಲೆ ಗೊತ್ತಾಯಿತು. ನಮ್ಮಂಥ ತಳ ದುಂಡಗಿನ, ಭಾರ ಹೊರುವ ದೋಣಿ ನೀರನ್ನು ಸೀಳಿಕೊಂಡು ಹೋಗುತ್ತದೆ, ಮೇಲೆ ಜಾರುವುದಿಲ್ಲ. ವೇಗ ಏರಿದ ಹಾಗೆ ಅದು ಎಬ್ಬಿಸುವ ಅಲೆ ಉದ್ದವಾಗುತ್ತದೆ. ಅಲೆಯ ಉದ್ದ ದೋಣಿಯ ಉದ್ದಕ್ಕೆ ಸಮವಾದಾಗ ದೋಣಿ ತನ್ನದೇ ಅಲೆಯ ಗುಂಡಿಯಲ್ಲಿ ಸಿಕ್ಕಿಕೊಳ್ಳುತ್ತದೆ. ನೀರಿಗೆ ತಾಗುವ ಉದ್ದ ಎಷ್ಟು ಅಡಿಯೋ ಅದರ ವರ್ಗಮೂಲವನ್ನು 1.34ರಿಂದ ಗುಣಿಸಿದರೆ ಆ ಮಿತಿ ನಾಟ್‌ನಲ್ಲಿ ಸಿಗುತ್ತದೆ. ನಮ್ಮದಕ್ಕೆ ಐದು ನಾಟ್ ಹತ್ತಿರ, ಅಂದರೆ ಗಂಟೆಗೆ ಸುಮಾರು 9 ಕಿಲೋಮೀಟರ್. ಅದರ ಮೇಲೆ ಸುರಿಯುವ ಪೆಟ್ರೋಲೆಲ್ಲ ಅಲೆ ಎಬ್ಬಿಸುವುದಕ್ಕೆ. ಚಪ್ಪಟೆ ತಳದ, ಹಗುರ ದೋಣಿಯಾಗಿದ್ದರೆ 15 ಎಚ್‌ಪಿಗೆ ನೀರಿನ ಮೇಲೆ ಹಾರುತ್ತಿತ್ತೇನೋ, ಆ ಕಥೆ ಬೇರೆ.

ಇನ್ನೊಂದು ಎಡವಟ್ಟು ಶಾಫ್ಟಿನದು, ಅಂದರೆ ಎಂಜಿನ್‌ನಿಂದ ಕೆಳಗೆ ಪ್ರೊಪೆಲರ್‌ವರೆಗೆ ಇಳಿಯುವ ಕಾಲಿನದು. ಅದು ಸಮುದ್ರದ ದೋಣಿಯಿಂದ ಇಳಿಸಿದ ಎಂಜಿನ್, 20 ಇಂಚಿನ ಲಾಂಗ್ ಶಾಫ್ಟ್. ನಮ್ಮ ದೋಣಿಯ ಹಿಂದಿನ ಹಲಗೆ 15 ಇಂಚು. ಪ್ರೊಪೆಲರ್ ಮೇಲಿನ ಅಗಲ ತಗಡು ದೋಣಿಯ ತಳದ ಮಟ್ಟಕ್ಕೆ ಇರಬೇಕು, ಹೆಚ್ಚೆಂದರೆ ಒಂದು ಇಂಚು ಕೆಳಗೆ. ನಮ್ಮದು ಐದು ಇಂಚು ಕೆಳಗಿತ್ತು. ಹಾರಂಗಿಯಲ್ಲಿ ಬೇಸಿಗೆಗೆ ನೀರಿಳಿದರೆ ಮುಳುಗಿದ್ದ ಮರದ ಬೊಡ್ಡೆಗಳು ಕೈಗೆಟುಕುವ ಹಾಗಿರುತ್ತವೆ. ಒಂದು ಬೊಡ್ಡೆಗೆ ಹೊಡೆದ ಏಟಿಗೆ ಹಿಂದಿನ ಹಲಗೆಯೇ ಬಿರುಕು ಬಿಟ್ಟಿತು. ಅಂದು ಹುಟ್ಟು ಹಾಕಿ ದಡ ಸೇರುವಾಗ ಭಾವ ಆಡಿದ ಮಾತು: "ಇಬ್ಬರು ಹೊರುವ ಎಂಜಿನ್ ತಂದು ಒಂದು ಬುಟ್ಟಿ ಮೀನು ಹಿಡೀತೀಯಲ್ಲ ಮಾರಾಯ!"

ಅದನ್ನು ಮಾರಿ ಹೊಸ 5 ಎಚ್‌ಪಿ ಫೋರ್ ಸ್ಟ್ರೋಕ್ ತಂದೆವು, ಶಾರ್ಟ್ ಶಾಫ್ಟ್. ತೂಕ 26 ಕಿಲೋ. ಈ ತೂಕದ ಬೆಲೆ ಏಪ್ರಿಲ್‌ನಲ್ಲಿ ಗೊತ್ತಾಗುತ್ತದೆ. ನೀರು ಹಿಂದೆ ಸರಿದು, ದಡದಿಂದ ದೋಣಿಯವರೆಗೆ ಬರೀ ಕೆಸರು ಇರುವಾಗ ಎಂಜಿನ್ ಹೆಗಲ ಮೇಲೆಯೇ ಹೋಗಬೇಕು. ನಾನೊಬ್ಬನೇ ಹೊತ್ತೊಯ್ಯುತ್ತೇನೆ.

ವೇಗ? ಇಬ್ಬರು ಕೂತು ಬಲೆ, ಐಸ್ ಪೆಟ್ಟಿಗೆ ಇದ್ದಾಗ 8 ಕಿಲೋಮೀಟರ್. 15 ಎಚ್‌ಪಿಗಿಂತ 2 ಕಿಲೋಮೀಟರ್ ಕಡಿಮೆ. ಪೂರ್ತಿ ತಿರುಗಿಸಿದರೆ ಗಂಟೆಗೆ ಎರಡು ಲೀಟರ್ ಕುಡಿಯುತ್ತದೆ, ಅರ್ಧಕ್ಕೆ ಇಟ್ಟರೆ ಒಂದರ ಆಸುಪಾಸು. ಹಳೆಯದು ಪೆಟ್ರೋಲ್ ಜೊತೆ ಆಯಿಲನ್ನೂ ನುಂಗುತ್ತಿತ್ತು.

ಹಾಗಂತ 5 ಎಚ್‌ಪಿ ಎಲ್ಲದಕ್ಕೂ ಸಾಕು ಅನ್ನುವುದಿಲ್ಲ. ಎಂಜಿನ್ ಮೇಲೆ ಬರೆದ ಪವರ್ ಸಮುದ್ರ ಮಟ್ಟದ್ದು. ಪ್ರತಿ ಸಾವಿರ ಅಡಿ ಎತ್ತರಕ್ಕೆ ಸುಮಾರು ಶೇಕಡಾ 3 ಕಳೆಯುತ್ತದೆ. ಹಾರಂಗಿ ತುಂಬಿದಾಗಿನ ಮಟ್ಟವೇ 2,859 ಅಡಿ. ಅಲ್ಲಿಗೆ ನನ್ನ 5 ಎಚ್‌ಪಿ ನಾಲ್ಕೂವರೆ ಆಯಿತು! ಮಾಮೂಲಿ ದಿನ ಇದು ತಿಳಿಯುವುದೇ ಇಲ್ಲ. ಆದರೆ ಆಷಾಢದ ಗಾಳಿ ಎದುರಿಗೆ ಬಂದರೆ ದೋಣಿ ತೆವಳುತ್ತದೆ. ಎರಡು ಸಲ ನಡುನೀರಲ್ಲಿ ನನಗೆ ಹೆದರಿಕೆ ಆಗಿದೆ. ಒಂದು ಇಂಚು ಕಡಿಮೆ ಪಿಚ್‌ನ (ಒಂದು ಸುತ್ತಿಗೆ ಮುಂದೆ ಹೋಗುವ ಲೆಕ್ಕದ ದೂರ) ಪ್ರೊಪೆಲರ್ ಹಾಕಿಸಿದ ಮೇಲೆ ಎಳೆಯುವ ಶಕ್ತಿ ಸುಧಾರಿಸಿತು. ಈಗ ಗಾಳಿ ಜೋರಿದ್ದರೆ ಹೊರಡುವುದೇ ಇಲ್ಲ.

ಒಂದು ಬೇಜಾರು ಉಳಿದಿದೆ. ಸಣ್ಣ ಎಂಜಿನ್‌ಗಳಲ್ಲಿ ಎರಡು ಮೂರು ಎಚ್‌ಪಿಗೆ ಒಂದೇ ಬ್ಲಾಕ್ ಇರುತ್ತದೆ. ಜಪಾನಿನ ಟೊಹಾಟ್ಸು ಕಂಪನಿಯ 4, 5, 6 ಎಚ್‌ಪಿ ಮೂರೂ 123 ಸಿಸಿ, ತೂಕವೂ ಹೆಚ್ಚುಕಡಿಮೆ ಅಷ್ಟೇ. ಕೊಳ್ಳುವಾಗ ಇದು ಗೊತ್ತಿದ್ದರೆ 6 ತರುತ್ತಿದ್ದೆ.

ರಿಪೇರಿ ಕೆಲಸ ಕಡಿಮೆ. ಮೊದಲ 20 ಗಂಟೆಗೆ ಆಯಿಲ್ ಬದಲಿಸಿದೆ, ಆಮೇಲೆ 100 ಗಂಟೆಗೊಮ್ಮೆ. ಬೊಡ್ಡೆಗೆ ತಾಗಿ ಶಿಯರ್ ಪಿನ್, ಅಂದರೆ ಪ್ರೊಪೆಲರ್ ಹಿಡಿದಿಡುವ ಸಣ್ಣ ಪಿನ್, ಮೂರು ಸಲ ಮುರಿದಿದೆ. ಅದು ಮುರಿದರೇ ಒಳ್ಳೆಯದು, ಗೇರ್ ಉಳಿಯುತ್ತದೆ. ಜೇಬಲ್ಲಿ ಎರಡು ಪಿನ್, ಒಂದು ಇಕ್ಕಳ ಇದ್ದರೆ ಐದು ನಿಮಿಷದ ಕೆಲಸ. ಒಂದು ಬೇಸಿಗೆಯಲ್ಲಿ ಕೆಸರು ಸೇರಿ, ಎಂಜಿನ್ ತಣಿಸಿ ಹೊರಬರುವ ನೀರಿನ ಧಾರೆ ನಿಂತಿತ್ತು. ನೋಡಿದ ತಕ್ಷಣ ಆಫ್ ಮಾಡಿದ್ದರಿಂದ ಬಚಾವ್, ಆ ನೀರೆತ್ತುವ ರಬ್ಬರ್ ಚಕ್ರ, ಇಂಪೆಲ್ಲರ್, ಮಾತ್ರ ಹೋಯಿತು. ಇನ್ನು ನಮ್ಮೂರಿನ ಮಳೆಗಾಲ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇರುತ್ತದೆ, ಅದು ಗಾಳಿಯ ತೇವ ಹೀರುತ್ತದೆ. ಮೊದಲ ವರ್ಷ ಎರಡು ತಿಂಗಳು ಹಾಗೇ ಇಟ್ಟು ಕಾರ್ಬ್ಯುರೇಟರ್ ಕಟ್ಟಿಕೊಂಡಿತು. ಈಗ ಪೆಟ್ರೋಲ್ ಖಾಲಿ ಮಾಡಿ, ಎಂಜಿನ್ ಬಿಚ್ಚಿ, ಒಲೆಯ ಮೇಲಿನ ಅಟ್ಟದಲ್ಲಿ ಇಡುತ್ತೇನೆ. ಟ್ಯಾಂಕ್ ಮಾತ್ರ ಹೊರಗೆ, ಶೆಡ್ಡಿನಲ್ಲಿ.

ಮೊನ್ನೆ ಪಕ್ಕದೂರಿನ ಹುಡುಗನೊಬ್ಬ ಬಂದಿದ್ದ. 18 ಅಡಿಯ ದೋಣಿ, ನಾಲ್ಕು ಜನ. "ಅಣ್ಣ, ನಂಗೂ 5 ಸಾಕಾ?" ಅಂದ. ಸಾಲುವುದಿಲ್ಲ, 9.9 ನೋಡು ಅಂದೆ. ಹಣ ಕೊಡುವ ಮುಂಚೆ ಹಿಂದಿನ ಹಲಗೆ ಅಳೆದುಕೊಂಡು ಬಾ ಅಂತಲೂ ಹೇಳಿ ಟೇಪು ಕೊಟ್ಟು ಕಳಿಸಿದೆ. ಸಂಜೆ ಫೋನ್ ಬಂತು. ಹದಿನಾರು ಇಂಚಂತೆ. ಅವನು ನೋಡಿಟ್ಟಿದ್ದು ಲಾಂಗ್ ಶಾಫ್ಟ್.