ಎಲೆಯಂಚಿನ ಮರಿಗಳು: ಲೋಟದ ನೀರು, ಕೋಕೋಪೀಟ್, ಮಣ್ಣು, ಗೋಡೆ ಮೊಳೆ

ನಮ್ಮ ಬೆಂಗಳೂರಿನ ಬಾಲ್ಕನಿಯಲ್ಲಿ ಎರಡು ಗಿಡಗಳಿವೆ. ಒಂದು ಅಮ್ಮ ಊರಿಂದ ತಂದುಕೊಟ್ಟ ಕಾಡುಬಸಳೆ. ಇನ್ನೊಂದು ‘ಮದರ್ ಆಫ್ ತೌಸಂಡ್ಸ್’ ಅಂತ ಹೇಳಿ ನರ್ಸರಿಯವರು ಕೊಟ್ಟಿದ್ದು, ಕಲಾಂಕೋ ಡೈಗ್ರೆಮಾಂಟಿಯಾನ. ಎರಡರ ತವರೂ ಮಡಗಾಸ್ಕರ್, ಎರಡೂ ಎಲೆಯಂಚಿನಲ್ಲೇ ಮರಿ ಹಾಕುತ್ತವೆ. ಆದರೆ ನರ್ಸರಿ ಗಿಡಕ್ಕೆ ತಾಳ್ಮೆಯೇ ಇಲ್ಲ. ಎಲೆ ಗಿಡದಲ್ಲಿರುವಾಗಲೇ ಅಂಚಿನುದ್ದಕ್ಕೂ ಮರಿಗಳನ್ನು ಸಾಲಾಗಿ ಕೂರಿಸಿಕೊಳ್ಳುತ್ತದೆ, ಕೂದಲೆಳೆಯಂಥ ಬೇರಿನ ಸಮೇತ. ಸೀರೆ ಸೆರಗು ತಾಗಿದರೂ ಉದುರುತ್ತವೆ. ಕಾಡುಬಸಳೆ ಎಲೆ ಸಾಮಾನ್ಯವಾಗಿ ಕಿತ್ತ ಮೇಲೋ, ಪೆಟ್ಟಾದ ಮೇಲೋ ಮರಿ ಬಿಡುತ್ತದೆ.

ಉದುರಿದ್ದನ್ನೆಲ್ಲ ಗುಡಿಸಿ ಹಾಕುವ ಬದಲು ಹತ್ತತ್ತು ಮರಿ ಎಣಿಸಿ ಮೂರು ಕಡೆ ಇಟ್ಟು ನೋಡಿದೆ. ಆಗ ಮಳೆಗಾಲ.

ಮೊದಲನೆಯದು ನೀರು. ಕಾಫಿ ಲೋಟದಲ್ಲಿ ನೀರು ತುಂಬಿ ಮರಿಗಳನ್ನು ತೇಲಿಬಿಟ್ಟೆ. ನೋಡೋಕೆ ಇದೇ ಚಂದ. ವಾರದಲ್ಲಿ ಬಿಳಿ ಬೇರು ಉದ್ದಕ್ಕೆ ಇಳಿಯಿತು, ಮನೆಗೆ ಬಂದವರಿಗೆಲ್ಲ ಲೋಟ ಎತ್ತಿ ತೋರಿಸಿದೆ. ಮಣ್ಣಿಗೆ ಹಾಕಿದಾಗ ಬಣ್ಣ ಬಯಲಾಯಿತು. ನೀರಲ್ಲಿ ಬೆಳೆದ ಬೇರು ತುಂಬ ನಾಜೂಕು, ಬೆರಳಿಂದ ಬಿಡಿಸುವಾಗಲೇ ತುಂಡಾಗುತ್ತಿತ್ತು. ಹತ್ತರಲ್ಲಿ ಉಳಿದದ್ದು ನಾಲ್ಕು.

ಎರಡನೆಯದು ಕೋಕೋಪೀಟ್. ಮೊಸರಿನ ಡಬ್ಬಿಗೆ ತೂತು ಮಾಡಿ, ನೆನೆಸಿದ ತೆಂಗಿನ ನಾರಿನ ಪುಡಿ ತುಂಬಿಸಿ, ಮೇಲೆ ಮರಿಗಳನ್ನು ಉದುರಿಸಿದೆ. ಮೊದಲ ಹದಿನೈದು ದಿನ ಇದರಷ್ಟು ಜೋರಾಗಿ ಯಾವುದೂ ಬೆಳೆಯಲಿಲ್ಲ. ಆಮೇಲೆ ಜಡಿಮಳೆ ಹಿಡಿಯಿತು. ಮೇಲೆ ಒಣಗಿದ ಹಾಗೆ ಕಾಣುತ್ತಿತ್ತು, ಬೆರಳು ತೂರಿಸಿದರೆ ಒಳಗೆ ಹಿಂಡುವಷ್ಟು ನೀರು. ಸಣ್ಣ ಕಪ್ಪು ನೊಣಗಳು ಬಂದವು, ಮರಿಗಳ ಬುಡ ಮೆತ್ತಗಾಯಿತು. ಐದು ಹೋದವು. ಬೇಸಿಗೆಯಲ್ಲಾದರೆ ಇದೇ ಗೆಲ್ಲುತ್ತಿತ್ತೋ ಏನೋ, ಮಳೆಗಾಲಕ್ಕಂತೂ ಬೇಡ.

ಮೂರನೆಯದು ಕೆಮ್ಮಣ್ಣು ಮತ್ತು ಮರಳು, ಅರ್ಧಕ್ಕರ್ಧ. ಇಲ್ಲೊಂದು ಎಡವಟ್ಟು ಮಾಡಿದ್ದೆ. ಪಕ್ಕದ ಕಟ್ಟಡದವರಿಂದ ಎಂ-ಸ್ಯಾಂಡ್, ಅಂದರೆ ಕಲ್ಲು ಪುಡಿಮಾಡಿ ತಯಾರಿಸಿದ ಮರಳು, ಕೇಳಿ ತಂದು ಹಾಗೇ ಬೆರೆಸಿದ್ದೆ. ಅದರ ಪುಡಿ ಸಿಮೆಂಟಿನ ಥರ ಕೂತು ನೀರು ಮೇಲೇ ನಿಂತಿತು. ಎಲ್ಲ ಸುರಿದು, ಜರಡಿ ಹಿಡಿದು, ಪುಡಿ ಎಸೆದು, ದಪ್ಪ ಕಾಳು ಮಾತ್ರ ಉಳಿಸಿಕೊಂಡೆ. ಮರಿಗಳನ್ನು ಹೂಳಲಿಲ್ಲ, ಸುಮ್ನೆ ಮೇಲಿಟ್ಟೆ. ಮೂರು ವಾರ ಇದ್ದಲ್ಲೇ ಇದ್ದವು, ಸತ್ತೇ ಹೋದವು ಅಂದುಕೊಂಡೆ. ಒಂದನ್ನು ಮೆಲ್ಲಗೆ ಎಳೆದು ನೋಡಿದರೆ ಬರಲೊಲ್ಲದು, ಬೇರು ಕಾಳನ್ನು ಕಚ್ಚಿ ಹಿಡಿದಿತ್ತು. ಒಂಬತ್ತು ಉಳಿದವು. ಕುಳ್ಳಗೆ, ದಪ್ಪಗೆ, ಅಂಚು ಕೆಂಪಗೆ. ನನ್ನ ಓಟು ಇದಕ್ಕೇ.

ಕಾಡುಬಸಳೆಗೆ ಇದ್ಯಾವುದೂ ಬೇಕಾಗಲಿಲ್ಲ. ಅಮ್ಮ ಹೇಳಿದಂತೆ ಒಂದು ಎಲೆಯನ್ನು ಕ್ಯಾಲೆಂಡರಿನ ಮೊಳೆಗೆ ಸಿಕ್ಕಿಸಿದೆ, ಇನ್ನೊಂದನ್ನು ಕುಂಡದ ಮಣ್ಣಿನ ಮೇಲೆ ಮಲಗಿಸಿದೆ. ನೀರಿಲ್ಲದೆಯೂ ಮೊಳೆಯ ಎಲೆಯ ಕಚ್ಚುಗಳಲ್ಲಿ ಗುಲಾಬಿ ಬಣ್ಣದ ಬೇರು ಇಣುಕಿತು. ಎಲೆಯೇ ಬುತ್ತಿ. ಮರಿ ಬೆಳೆದಂತೆ ಎಲೆ ಹಪ್ಪಳವಾಗುತ್ತಾ ಹೋಯಿತು. ಮಣ್ಣಿನ ಮೇಲಿದ್ದ ಎಲೆಯ ಮರಿಗಳು ಅಷ್ಟರಲ್ಲಿ ಇದರ ಎರಡರಷ್ಟು ದೊಡ್ಡವಾಗಿದ್ದವು. ಮಕ್ಕಳಿಗೆ ತೋರಿಸೋಕೆ ಮೊಳೆ, ಗಿಡ ಬೇಕಿದ್ದರೆ ಮಣ್ಣು. ಮರಿಗೆ ನಾಲ್ಕು ಎಲೆ ಬರುವ ತನಕ ತಾಯಿ ಎಲೆಯಿಂದ ಬಿಡಿಸಬೇಡಿ.

ಈ ಕಾಡುಬಸಳೆಗೂ ಲಾಲ್‌ಬಾಗಿಗೂ ಒಂದು ನಂಟಿದೆ. ಕೆಲಕಾಲ ಲಾಲ್‌ಬಾಗ್ ನೋಡಿಕೊಂಡಿದ್ದ ಬೆಂಜಮಿನ್ ಹೇಯ್ನ್ ಇದರ ಎಲೆ ಬೆಳಿಗ್ಗೆ ಹುಳಿ, ಮಧ್ಯಾಹ್ನ ಸಪ್ಪೆ, ಸಂಜೆ ಕಹಿ ಎಂದು ಬರೆದಿದ್ದು 1815ರಲ್ಲಿ ಅಚ್ಚಾಯಿತು. ಈ ಗಿಡಗಳು ರಾತ್ರಿ ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ಎಳೆದುಕೊಂಡು ಹುಳಿಯಾಗಿ ಕೂಡಿಟ್ಟು, ಹಗಲು ಖರ್ಚು ಮಾಡುತ್ತವೆ. ನೀರು ಕಡಿಮೆಯಾದರೂ ಬದುಕುವ ಗುಟ್ಟು ಅದೇ.

ಹೆಚ್ಚಾದ ಮರಿಗಳನ್ನು ಖಾಲಿ ಸೈಟಿಗೆ ಎಸೆಯಬೇಡಿ. ಎರಡೂ ಗಿಡ ದನಗಳಿಗೆ ವಿಷ, ಹೃದಯಕ್ಕೇ ತೊಂದರೆ. ನಾನು ಒಂದು ಕವರಿಗೆ ಹಾಕಿ ಬಿಗಿಯಾಗಿ ಕಟ್ಟಿ ಕಸಕ್ಕೆ ಕೊಡುತ್ತೇನೆ. ಆದರೂ ಮೊನ್ನೆ ಕೆಳಗಿನ ಮನೆ ಆಂಟಿ ಮೆಟ್ಟಿಲ ಬಳಿ ತಡೆದು ಕೇಳಿದರು, “ನಮ್ಮ ತುಳಸಿ ಪಾಟಲ್ಲಿ ಅದೇನೋ ಸಾಲಾಗಿ ಎದ್ದಿದೆಯಲ್ಲಮ್ಮ, ನಿಂದೇನಾ?”